ಘಟ್ಟ ಹತ್ತುವ ಹೊಳೆ

ಕುಸುಮಾ ಟೀಚರ್ ಕೈಗೆ ಅಚ್ಚಾದ ಯಾವ ಕಾಗದ ಸಿಕ್ಕಿದರೂ ತಿದ್ದದೆ ಬಿಡುತ್ತಿರಲಿಲ್ಲ. ಮದುವೆ ಕಾಗದ, ಕರೆಂಟ್ ಬಿಲ್ಲು, ಕೊನೆಗೆ ನನ್ನ ಜೆರಾಕ್ಸ್ ಅಂಗಡಿಯ ಬೋರ್ಡು ಕೂಡ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ಇಷ್ಟು ಕಾಲದಿಂದ ಅಂಗಡಿ ಇಟ್ಟು ಕೂತ ನನಗೆ, 'ಲ್ಯಾಮಿನೇಸನ್' ಎಂದು ಬರೆದದ್ದು ತಪ್ಪು ಎಂದು ಹೇಳಿದವರು ಅವರೊಬ್ಬರೇ. ಮೈಯೆಲ್ಲ ಉರಿಯಿತು. ಗಿರಾಕಿಯಲ್ಲವಾ, ನುಂಗಿಕೊಂಡೆ.

ವೇಣೂರಿನ ಆಚೆ, ಫಲ್ಗುಣಿ ಹೊಳೆಯ ಬದಿಯ ಕನ್ನಡ ಶಾಲೆಯಲ್ಲಿ ಅವರು ಸಣ್ಣ ಮಕ್ಕಳ ಟೀಚರ್. ಮೊದಲ ಸಲ ಪೆನ್‌ಡ್ರೈವಿನಲ್ಲಿ ಒಂದು ಪಾಠದ ಪುಸ್ತಕ ತಂದು, ಕ್ಲಾಸಿನ ಮಕ್ಕಳಿಗೆಲ್ಲ ಒಂದೊಂದು ಪ್ರತಿ ಬೇಕೆಂದಾಗ ನಾನು ಸಾಧ್ಯವೇ ಇಲ್ಲ ಎಂದೆ. ಇನ್ನೊಬ್ಬರ ಪುಸ್ತಕವನ್ನು ಇಡೀ ಪ್ರತಿ ಮಾಡಿ ಆಮೇಲೆ ಕೋರ್ಟಿಗೆ ಅಲೆಯುವವರು ಯಾರು? ಅವರು ಕೊನೆಯ ಪುಟ ತೋರಿಸಿದರು. ಯಾರು ಬೇಕಾದರೂ ಪ್ರತಿ ಮಾಡಬಹುದು, ತಮ್ಮ ಊರಿಗೆ ತಕ್ಕಂತೆ ಬದಲಿಸಬಹುದು, ಹಂಚಬಹುದು. ಬರೆದವರ ಹೆಸರು ಮಾತ್ರ ಉಳಿಸಬೇಕು ಎಂದು ಅದರಲ್ಲಿತ್ತು. ನಾವಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಪುಸ್ತಕದ ವಿಷಯ ಬಂದರೆ ಮಾತ್ರ ಟೀಚರ್ ಕನ್ನಡಕ್ಕೆ ಹೋಗುತ್ತಿದ್ದರು.

"ಇದು ತಿದ್ದಲಿಕ್ಕೆ ಅಂತಲೇ ಕೊಟ್ಟ ಪುಸ್ತಕ ಮಾರಾಯ್ರೆ. ಹಾಗೇ ಇಟ್ಟರೆ ಕೊಟ್ಟವರಿಗೆ ಅವಮಾನ."

ತಿದ್ದಿದ್ದೇ ತಿದ್ದಿದ್ದು. ಗೋಧಿ ಹೊಲ ಹೋಗಿ ಭತ್ತದ ಗದ್ದೆ ಬಂತು, ರೊಟ್ಟಿ ಹೋಗಿ ಗಂಜಿ ಬಂತು. ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಬಂದು, ನನ್ನ ಕಂಪ್ಯೂಟರಿನ ಮುಂದೆ ಕೂತು, ಒಂದು ಶಬ್ದಕ್ಕಾಗಿ ನನ್ನ ತಲೆ ತಿನ್ನುತ್ತಿದ್ದರು.

ಈ ಹುಚ್ಚು ಹಿಡಿದದ್ದೂ ಒಂದು ಶಬ್ದದಿಂದಲೇ. 'ಅಜ್ಜ ಹಾವು ಕಂಡ' ಎಂಬ ಸಾಲನ್ನು ಅವರ ಕ್ಲಾಸಿನ ಒಬ್ಬಳು ಹುಡುಗಿ ತಡವರಿಸದೆ ಓದಿದಳಂತೆ. ಶಾಲೆ ನೋಡಲು ಬಂದಿದ್ದ ಅಧಿಕಾರಿ ಶಹಬ್ಬಾಸ್ ಎಂದರಂತೆ. ಅವರು ಹೋದ ಮೇಲೆ ಟೀಚರ್ ಅದರ ಚಿತ್ರ ಬರೆ ಎಂದರೆ, ಆ ಮಗು ಬರೆದದ್ದು ಒಂದು ಗದ್ದೆ, ಗದ್ದೆ ತುಂಬ ಹಾವು, ಬದುವಿನಲ್ಲಿ ಅಜ್ಜ. ತುಳುವಿನಲ್ಲಿ 'ಕಂಡ' ಎಂದರೆ ಗದ್ದೆಯಲ್ಲವೇ! ಟೀಚರ್ ಇದನ್ನು ಹೇಳಿ ನಗುತ್ತಿದ್ದರು, ನಗು ಮುಗಿಯುವ ಮೊದಲೇ ಮುಖ ಬಾಡುತ್ತಿತ್ತು. ಹೀಗೆ ಬರೀ ಅಕ್ಷರ ಹೇಳಿ ಪಾಸಾಗಿ ಹೋದ ಮಕ್ಕಳು ಎಷ್ಟು ಮಂದಿಯೋ ಎಂಬುದು ಅವರ ಸಂಕಟ.

ಆಮೇಲೆ ತಮ್ಮ ಪುಸ್ತಕದ ನಡುವೆ ಬೇಕೆಂದೇ ಒಂದು ತಪ್ಪು ಸೇರಿಸಿದರು: 'ನಮ್ಮ ಫಲ್ಗುಣಿ ಹೊಳೆ ಸಮುದ್ರದಲ್ಲಿ ಹುಟ್ಟಿ ಘಟ್ಟ ಹತ್ತುತ್ತದೆ.' ನನ್ನ ಬೋರ್ಡು ತಿದ್ದಿದವರು ಇದನ್ನು ಮಾಡುವುದಾ ಎಂದು ಕೆಣಕಿದೆ. ಹೊಳೆ ನೋಡಿದ ಮಗು ಅರ್ಥ ಮಾಡಿಕೊಂಡು ಓದಿದರೆ ಸುಮ್ಮನಿರುವುದಿಲ್ಲ, ಜಗಳಕ್ಕೇ ಬರುತ್ತದೆ ಎಂದರು. ಅವರ ಮಕ್ಕಳು ಜಗಳಕ್ಕೆ ಬಂದರು ಕೂಡ. ಆ ಶನಿವಾರ ನನಗೆ ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದರು.

ಬಂಟ್ವಾಳ, ಬೆಳ್ತಂಗಡಿ ಕಡೆಯ ಟೀಚರುಗಳ ವಾಟ್ಸಾಪ್ ಗುಂಪುಗಳಿಗೆಲ್ಲ, ಹೊಳೆಯ ತಪ್ಪನ್ನು ಯಾರಿಗೂ ಹೇಳದೆ ಹಾಗೇ ಇಟ್ಟು, ಪುಸ್ತಕ ಕಳಿಸಿದರು. ನಿಮ್ಮ ಮಕ್ಕಳಿಗೆ ಬೇಕಾದ ಹಾಗೆ ಬದಲಿಸಿ ಎಂದು ಕೇಳಿಕೊಂಡರು. ಕೈಮುಗಿದ ಚಿತ್ರ ಬಂತು, ಹೂವಿನ ಚಿತ್ರ ಬಂತು, 'ಸೂಪರ್ ಟೀಚರ್' ಬಂತು. ಪ್ರತಿ ಮಾಡಿಸಿಕೊಂಡು ಹೋದವರೂ ಇದ್ದರು. ಒಂದು ಅಕ್ಷರ ಬದಲಿಸಿದವರಿಲ್ಲ. ಟೀಚರ್ ಮನೆಯಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ, ಕೊನೆಯ ಪುಟದಲ್ಲಿ 'ತಪ್ಪು ಸಿಕ್ಕಿದರೆ ತಿಳಿಸಿ' ಎಂದು ನನ್ನ ಅಂಗಡಿಯ ನಂಬರ್ ಹಾಕಿದ್ದರು. ಬಂದ ಫೋನೆಲ್ಲ ಅಂಗಡಿ ತೆರೆದಿದೆಯಾ ಎಂದು ಕೇಳಲಿಕ್ಕೆ.

ಮತ್ತಿನ ವರ್ಷ ಅವರ ಶಾಲೆಯ ಒಂದನೇ ಕ್ಲಾಸಿಗೆ ಒಂದು ಮಗುವೂ ಸೇರಲಿಲ್ಲ. ಇಂಗ್ಲಿಷ್ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತಿತ್ತು. ಶಾಲೆ ಮುಚ್ಚಿತು, ಟೀಚರ್ ಹಾಸಿಗೆ ಹಿಡಿದರು. ಶಿರ್ತಾಡಿಯ ಅವರ ಮನೆಗೆ ನೋಡಲು ಹೋದರೆ, ಕೂತುಕೊಳ್ಳಿ ಎನ್ನುವ ಮೊದಲೇ ಕೇಳಿದರು, ಕನ್ನಡದಲ್ಲಿ:

"ಯಾರಾದರೂ ಹೊಳೆಯ ಬಗ್ಗೆ ಕೇಳಿದ್ರಾ?"

ಹೌದು ಎಂದು ಸುಳ್ಳು ಹೇಳುವುದೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಆದರೆ ಯಾವ ಶಾಲೆ, ಯಾವ ಮಗು ಎಂದು ಕೇಳದೆ ಬಿಡುವ ಹೆಂಗಸಲ್ಲ ಅವರು. ಇಲ್ಲ ಟೀಚರ್ ಎಂದೆ.

"ಹಾಗಾದರೆ ಯಾರೂ ಓದ್ಲಿಲ್ಲ," ಎಂದು ಗೋಡೆಯ ಕಡೆ ತಿರುಗಿದರು. ನನಗೆ ಅಳು ತಡೆಯಲಾಗಲಿಲ್ಲ.

ಅವರು ತೀರಿಕೊಂಡ ಮೇಲೆ, ಶಾಲೆ ಶುರುವಾಗುವ ಹೊತ್ತಿಗೆ ಬೆಳ್ತಂಗಡಿ ಕಡೆಯ ಒಬ್ಬರು ಮಾಸ್ಟ್ರು ಅದೇ ಪುಸ್ತಕ ತಂದರು. ಹೊಸ ಬಣ್ಣದ ಮುಖಪುಟ. ಮೂಲ ಬರೆದವರ ಹೆಸರು, ಟೀಚರ್ ಹೆಸರು, ನನ್ನ ನಂಬರ್ ಇದ್ದ ಕೊನೆಯ ಪುಟ ತೆಗೆದು 'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ' ಎಂದು ಹಾಕಿದ್ದರು. ನಡುವಿನ ಪುಟ ತೆರೆದೆ. ಹೊಳೆ ಘಟ್ಟ ಹತ್ತುತ್ತಲೇ ಇತ್ತು. ಬೆರಳಿಟ್ಟು, ಇದು ತಪ್ಪುಂಟಲ್ಲ ಮಾಸ್ಟ್ರೇ ಎಂದೆ.

ಅವರು ಬಗ್ಗಿ ನೋಡಿದರು. "ಅದೆಲ್ಲ ಮಕ್ಕಳಿಗೆ ಗೊತ್ತಾಗುದಿಲ್ಲ ಮಾರಾಯ್ರೆ. ನೀವು ಪ್ರಿಂಟ್ ಕೊಡಿ."