ದೇವರ ಮನೆಯ ಪಾದರಸ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಕಾಫಿ ಅತ್ತೆಯವರದು. ಎಪ್ಪತ್ತೆಂಟು ದಾಟಿದರೂ ಆ ಕೆಲಸವನ್ನು ಅವರು ನನಗೆ ಬಿಟ್ಟುಕೊಟ್ಟಿಲ್ಲ. ಐದೂವರೆಗೆ ಎದ್ದು ಸ್ನಾನ ಮಾಡಿ, ದೇವರ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಒಳಗೆ ಬರುವುದರೊಳಗೆ ಡಿಕಾಕ್ಷನ್ ಇಳಿಸಿರುತ್ತಾರೆ. ನಮ್ಮ ಮನೆಯವರು ಕುಣಿಗಲ್ಲಿನ ಆಫೀಸಿಗೆ ಬೇಗ ಬಸ್ಸು ಹಿಡಿಯಬೇಕಾದ್ದರಿಂದ ಅವರ ಲೋಟ ಮೊದಲು. ಅವರು ಹೊರಟ ಮೇಲೆ ನನ್ನದು. ಅಡುಗೆಮನೆಯ ಕಟ್ಟೆಗೆ ಒರಗಿ, ಯಾರೂ ಕರೆಯದ ಆ ಹತ್ತು ನಿಮಿಷ ಕಾಫಿ ಕುಡಿಯುವುದು ನನಗೆ ದಿನದಲ್ಲಿ ಸಿಗುವ ದೊಡ್ಡ ಸುಖ.

ಅವತ್ತೂ ಅತ್ತೆ ಲೋಟ ಚಾಚಿದರು. ನಾನು ಲೋಟ ನೋಡಲಿಲ್ಲ, ಅವರ ಬೆರಳು ನೋಡಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಉಂಗುರದ ಬೆರಳಿನಲ್ಲಿ ಸವೆದ, ತೆಳು ಚಿನ್ನದ ಉಂಗುರವೊಂದಿದೆ. ಅದು ಬೆಳ್ಳಗಾಗಿತ್ತು. ಬೆಳ್ಳಿಯ ಬಿಳುಪಲ್ಲ, ಮಾಸಿದ ಸ್ಟೀಲಿನ ಹಾಗೆ. ಒಂದು ಪಕ್ಕದಲ್ಲಿ ಮಾತ್ರ ಸ್ವಲ್ಪ ಹಳದಿ ಉಳಿದಿತ್ತು.

"ಅತ್ತೆ, ಉಂಗುರ ಯಾಕೆ ಹೀಗಾಗಿದೆ?"

"ವಿಭೂತಿ ಮೆತ್ಕಂಡಿರ್ಬೇಕು ಬುಡಮ್ಮ," ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ವಿಭೂತಿ ಹಾಗೆ ಮೆತ್ತುವುದಿಲ್ಲ. ಅಂಥ ಬಿಳುಪನ್ನು ನಾನು ಮೊದಲೂ ಒಮ್ಮೆ ನೋಡಿದ್ದೆ, ಕಾನ್ವೆಂಟಿನಲ್ಲಿ ಒಂಬತ್ತನೇ ಕ್ಲಾಸಿನಲ್ಲಿ. ಸೈನ್ಸ್ ತೆಗೆದುಕೊಳ್ಳುತ್ತಿದ್ದ ಸಿಸ್ಟರ್ ಮರದ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು, "ಬಳೆ, ಉಂಗುರ, ಸರ ಎಲ್ಲ ತೆಗೆದು ಡೆಸ್ಕಿನ ಮೇಲಿಡಿ," ಎಂದಿದ್ದರು. ನನ್ನ ಪಕ್ಕದ ಹುಡುಗಿ ತೆಗೆಯಲಿಲ್ಲ. ಪಾದರಸ ಸೋಕಿದ ಅವಳ ಉಂಗುರ ನೋಡನೋಡುತ್ತಲೇ ಬೆಳ್ಳಗಾಯಿತು, ಅವಳು ಮನೆಗೆ ಹೋಗುವ ತನಕ ಅತ್ತಳು. ಅವತ್ತೇ ಒಂದು ಹನಿ ಬೆಂಚಿನ ಅಡಿಗೆ ಉರುಳಿತ್ತು. ಸಿಸ್ಟರ್ ತಮ್ಮ ಬಿಳಿ ಉಡುಪಿನಲ್ಲೇ ಮಂಡಿಯೂರಿ, ಒಂದು ಪೋಸ್ಟ್ ಕಾರ್ಡ್ ಹಿಡಿದು ಅದು ಸಿಗುವವರೆಗೂ ಹುಡುಕಿದರು. ಬೆಲ್ ಹೊಡೆದರೂ ನಮ್ಮನ್ನು ಬಿಡಲಿಲ್ಲ. ಅಷ್ಟು ಸಣ್ಣ ಹನಿಗೆ ಇಷ್ಟೇಕೆ ಎಂದು ನಾವು ಗೊಣಗಿದ್ದೆವು.

"ಅತ್ತೆ, ತಾತನ ಬಾಟ್ಲಿ ಏನಾಯ್ತು?" ಎಂದೆ.

ತಾತ ಎಂದರೆ ಅತ್ತೆಯ ತಂದೆ. ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ನಾಟಿ ಪಂಡಿತರಾಗಿದ್ದರಂತೆ. ಪಾದರಸವನ್ನು ಅರೆದು ಔಷಧಿ ಮಾಡುತ್ತಿದ್ದರಂತೆ. ಮಗಳು ಗಂಡನ ಮನೆಗೆ ಹೊರಟಾಗ ಹೆಬ್ಬೆರಳಿನಷ್ಟು ಉದ್ದದ ಗಾಜಿನ ಬಾಟಲಿಯಲ್ಲಿ ಒಂದಿಷ್ಟು ತುಂಬಿ, ಬಾಯಿಗೆ ಅರಗು ಹಾಕಿ, "ಇದು ಶಿವನ ಅಂಶ, ಮನೇಲಿಟ್ಕೋ," ಎಂದು ಕೊಟ್ಟಿದ್ದರು. ತವರಿನಿಂದ ಬಂದ ಮಿಕ್ಕೆಲ್ಲವೂ ಕರಗಿಹೋಗಿ ಅದೊಂದು ದೇವರ ಮನೆಯ ಹಲಗೆಯ ಮೇಲೆ ಉಳಿದಿತ್ತು. ಅತ್ತೆಯ ಮಗಳು, ನನ್ನ ನಾದಿನಿ, ಗುಬ್ಬಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಅದನ್ನು ಕೊಟ್ಟುಬಿಡು ಎಂದು ಅವಳು ಕೇಳಿದಾಗಲೆಲ್ಲ, "ನಾನು ಸತ್ಮೇಲೆ ತಗೊಂಡೋಗು," ಎಂಬ ಒಂದೇ ಉತ್ತರ.

ಅತ್ತೆ ಒಲೆಯ ಕಡೆ ತಿರುಗಿಕೊಂಡೇ ಹೇಳಿದರು. "ವಿಭೂತಿ ಗಟ್ಟಿ ತಗಳಕ್ಕೆ ಕೈ ಎತ್ತಿದ್ನಾ, ಮೊಣಕೈ ತಾಕಿ ಬಾಟ್ಲಿ ಬಿದ್ದು ಒಡ್ದೋಯ್ತು. ಸಿಕ್ಕಿದ್ದೆಲ್ಲಾ ಬಳ್ದು ಸ್ಟೀಲ್ ಬಟ್ಲಿಗೆ ಹಾಕಿವ್ನಿ. ಯಾರಿಗೂ ಹೇಳ್ಬ್ಯಾಡ ಕಣಮ್ಮ. ಮಧ್ಯಾಹ್ನ ಕುಣಿಗಲ್ ಬಸ್ಸಿಗೆ ಹೋಗಿ ಕೆರೆಗೆ ಬುಟ್ಟು ಬತ್ತೀನಿ. ದೇವ್ರ ಮನೆ ಸಾಮಾನು, ನೀರಿಗೇ ಬುಡ್ಬೇಕು."

"ಉಂಗುರ?"

"ಗ್ಯಾಸ್ ಮ್ಯಾಲೆ ಒಂದ್ಗಳಿಗೆ ಹಿಡಿದ್ರೆ ಸರಿಹೋಯ್ತದೆ. ಅಪ್ಪಯ್ಯ ಹಂಗೇ ಮಾಡೋರು."

ಆಗ ನೋಡಿದೆ, ಒಲೆಯ ಪಕ್ಕದಲ್ಲಿ ಇಕ್ಕಳ ತೆಗೆದಿಟ್ಟುಕೊಂಡಿದ್ದರು. ನಾನು ಒಲೆ ಆರಿಸಿ, ಸಿಲಿಂಡರಿನ ರೆಗ್ಯುಲೇಟರನ್ನೂ ತಿರುಗಿಸಿ, ನಾದಿನಿಗೆ ಫೋನ್ ಮಾಡಿದೆ. ಎಂಟೂವರೆಗೆ ನನ್ನ ಮಗಳು ತನ್ನ ಒಂಬತ್ತು ತಿಂಗಳ ಕೂಸನ್ನು ನನ್ನ ಹತ್ತಿರ ಬಿಟ್ಟು ಸ್ಕೂಲಿಗೆ ಪಾಠ ಮಾಡಲು ಹೋಗುತ್ತಾಳೆ. ನಮ್ಮ ಮೊಮ್ಮಗಳು ನೆಲಕ್ಕೆ ಬಿಟ್ಟರೆ ಸಾಕು, ಅಂಬೆಗಾಲಿನಲ್ಲಿ ನೇರವಾಗಿ ದೇವರ ಮನೆಗೇ ಹೋಗುವುದು. ಹೊಳೆಯುವುದೆಲ್ಲ ಅವಳಿಗೆ ಬಾಯಿಗೆ ಬೇಕು.

ನಾದಿನಿ ಬೈಯಲಿಲ್ಲ. ಪಾಠ ಹೇಳುವವರ ನಿಧಾನದಲ್ಲಿ ಹೇಳಿದಳು. "ಅತ್ತಿಗೆ, ಮಗು ಮನೆಯೊಳಗೆ ಬರ್ಕೂಡ್ದು. ಅಡುಗೆಮನೆ ಕಿಟಕಿ, ಹಿತ್ತಿಲ ಬಾಗಿಲು ತೆಗೀರಿ, ಹಾಲ್ ಕಡೆ ಬಾಗಿಲು ಮುಚ್ಚಿ, ಫ್ಯಾನ್ ಹಾಕ್ಬೇಡಿ. ಪೊರಕೆ ಮುಟ್ಟಲೇಬೇಡಿ, ಗುಡಿಸಿದ್ರೆ ಒಂದು ಹನಿ ನೂರಾಗುತ್ತೆ. ಸಿಂಕಿಗೆ ಏನೂ ಸುರೀಬೇಡಿ. ಉಂಗುರ ಬಿಸಿ ಮಾಡಿದ್ರೆ ಆ ಆವಿ ನೇರ ಉಸಿರಿಗೆ ಹೋಗುತ್ತೆ. ದೇವರ ಮನೇಲಿ ದೀಪ ಉರೀತಿದ್ಯಾ?"

ಉರಿಯುತ್ತಿತ್ತು. ನಮ್ಮ ದೇವರ ಮನೆ ನಾಲ್ಕಡಿ ಅಗಲದ ಗೂಡು, ಕಿಟಕಿಯಿಲ್ಲ. ಆ ಬಿಸಿಗೂ ಪಾದರಸ ಆವಿಯಾಗುತ್ತದೆ, ಆರಿಸಿ ಎಂದಳು. ಹಚ್ಚಿದ ದೀಪವನ್ನು ಅತ್ತೆ ಎಂದೂ ಕೈಯಾರೆ ಆರಿಸಿದವರಲ್ಲ. "ದೀಪ ಆರ್ಸು ಅನ್ನಕ್ಕೆ ಅವ್ಳಿಗೆ ನಾಲ್ಗೆ ಹೆಂಗ್ ಬಂತು?" ಎಂದರು. ಕೊನೆಗೆ ಆರಿಸುವುದು ಬೇಡ, ಆಚೆ ಇಡೋಣ ಎಂದೆ. ಹೊಸಿಲಲ್ಲೇ ನಿಂತು ತುದಿಗಾಲಲ್ಲಿ ಬಗ್ಗಿ ದೀಪವನ್ನು ಎತ್ತಿಕೊಂಡೆ. ಬೀದಿ ಜಗಲಿಯ ಮೂಲೆಯಲ್ಲಿ ಗಾಳಿ ತಾಗದ ಹಾಗೆ ಅತ್ತೆಯೇ ಜಾಗ ತೋರಿಸಿದರು.

ನೆಲ ಒರೆಸಿದ್ದು ಯಾವುದರಿಂದ ಎಂದು ಕೇಳಿದೆ. ದೇವರ ಮನೆಗೆ ಅವರು ಯಾವತ್ತೂ ಪೊರಕೆ ತಾಕಿಸುವುದಿಲ್ಲ, ಆ ಮಡಿ ಅವತ್ತು ನಮ್ಮನ್ನು ಕಾಪಾಡಿತ್ತು. ಆದರೆ ಸೆರಗಿನಿಂದ ಒರೆಸಿದ್ದರು. ಆ ಸೀರೆಯನ್ನು ಹಿತ್ತಿಲಲ್ಲೇ ಬಿಚ್ಚಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದೆ. ವಾಷಿಂಗ್ ಮಷೀನಿಗೆ ಹಾಕಕೂಡದೆಂದು ನಾದಿನಿ ಎರಡು ಸಲ ಹೇಳಿದ್ದಳು. ಸೋಪು ಹಾಕಿ ಉಜ್ಜಿದ ಮೇಲೆ ಉಂಗುರ ಸುಲಭವಾಗಿ ಜಾರಿ ಬಂತು. ಬೆರಳಿನ ಬುಡದಲ್ಲಿ ಎಳೆ ಮಗುವಿನ ಚರ್ಮದಂಥ ಒಂದು ಪಟ್ಟೆ ಇತ್ತು. ಅದನ್ನು ಅವರು ಇನ್ನೊಂದು ಕೈಯಿಂದ ಮುಚ್ಚಿಕೊಂಡರು.

ನಾನೂ ಕೈ ತೊಳೆದು, ಸೀರೆ ಬದಲಾಯಿಸಿ, ಗೇಟಿನ ಹತ್ತಿರ ಕಾದು ನಿಂತೆ. ಮಗಳು ಸ್ಕೂಟರಿನಿಂದ ಇಳಿಯದೆಯೇ ಕೂಸನ್ನು ಕೊಟ್ಟು ಹೋದಳು. ನಾನು ನೇರ ಪಕ್ಕದ ಮನೆಗೆ ನಡೆದೆ. ಪಕ್ಕದ ಮನೆಯಾಕೆ ಚೇಳೂರಿನವರು, ಗಟ್ಟಿ ದನಿ, ಗಟ್ಟಿ ಮನಸ್ಸು.

"ದೇವರ ಮನೇಲಿ ಪಾದರಸ ಚೆಲ್ಲಿದೆ ಕಣ್ರೀ. ಸಂಜೆ ತನಕ ಇವಳನ್ನ ಇಟ್ಕೊಳ್ತೀರಾ?"

"ಕೊಡಿ ಇತ್ಲಾಗೆ. ಇವ್ಳೇನು ಪಾದರಸಕ್ಕಿಂತ ಕಮ್ಮೀನಾ!" ಎಂದು ಕಂಕುಳಿಗೆ ಹಾಕಿಕೊಂಡರು. ಹಿಂದೆ ಮುಂದೆ ಒಂದು ಪ್ರಶ್ನೆಯಿಲ್ಲ.

ನಾದಿನಿ ಅರ್ಧ ದಿನ ರಜೆ ಹಾಕಿ, ಕಾಲೇಜಿಗೆ ಹೋಗಿ, ಲ್ಯಾಬಿನ ಸಾಮಾನನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಹತ್ತರ ಹೊತ್ತಿಗೆ ಬಂದಳು. ಗ್ಲೌಸು, ಡ್ರಾಪರ್, ದಪ್ಪ ಪ್ಲಾಸ್ಟಿಕ್ಕಿನ ಬಾಟಲಿ, ಗಂಧಕದ ಪುಡಿಯ ಪೊಟ್ಟಣ. "ಚಿನ್ನ ಎಲ್ಲ ತೆಗೆದಿಡಿ ಅತ್ತಿಗೆ," ಎಂದಳು. ಬಳೆ, ಓಲೆ ತೆಗೆದೆ. ಮಾಂಗಲ್ಯಕ್ಕೆ ಕೈ ಹೋಗಿ ನಿಂತಿತು. ನೋಡಿದವರು ಅತ್ತೆಯೇ. "ತಗ್ದು ಕೊಡು, ನಾನಿಟ್ಕಂಡಿರ್ತೀನಿ," ಎಂದು ಕುಂಕುಮದ ಡಬ್ಬಿ ಖಾಲಿ ಮಾಡಿ ಅದರಲ್ಲಿಟ್ಟುಕೊಂಡು, ಹಿತ್ತಿಲ ಬಾಗಿಲಾಚೆ ಕುರ್ಚಿ ಹಾಕಿ ಕೂತರು. ಅಷ್ಟು ಹೊತ್ತೂ ಆ ಡಬ್ಬಿ ಅವರ ಮಡಿಲಿನಲ್ಲೇ ಇತ್ತು.

ಲೈಟು ಆರಿಸಿ ಟಾರ್ಚನ್ನು ನೆಲಕ್ಕೆ ಮಲಗಿಸಿದಾಗ ಗೊತ್ತಾಯಿತು, ಅತ್ತೆಯ ಕಣ್ಣಿಗೆ ಬೀಳದೆ ಎಷ್ಟು ಉಳಿದಿತ್ತು ಎಂದು. ರೆಡ್ ಆಕ್ಸೈಡ್ ನೆಲದ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಮಿನುಗುತ್ತಿದ್ದವು. ಪೂಜೆಯ ಗಂಟೆಯ ಹಿಂದೆ, ಮಣೆಯ ಕಾಲಿನ ಬುಡದಲ್ಲಿ, ಗೋಡೆಯ ಬಿರುಕಿನ ಅಂಚಿನಲ್ಲಿ. ಚಂದವಾಗಿ ಕಾಣುತ್ತಿದ್ದವು ಎಂದು ಹೇಳದಿದ್ದರೆ ಸುಳ್ಳಾದೀತು. ಒಡೆದ ಗಾಜನ್ನು ಮೊದಲು ಆರಿಸಿ ಬೇರೆ ಡಬ್ಬಿಗೆ ಹಾಕಿದೆವು. ಹಳೆಯ ಮದುವೆ ಪತ್ರಿಕೆಗಳೆರಡನ್ನು ಕತ್ತರಿಸಿಕೊಂಡು ಹನಿಗಳನ್ನು ಒಂದರ ಕಡೆಗೆ ಒಂದನ್ನು ಮೆಲ್ಲಗೆ ದೂಡಿದರೆ ಅವು ತಾವಾಗಿ ಸೇರಿಕೊಳ್ಳುತ್ತಿದ್ದವು. ನಾದಿನಿ ಡ್ರಾಪರಿನಿಂದ ಹೀರಿ ಬಾಟಲಿಗೆ ಬಿಡುತ್ತಿದ್ದಳು. ದೂಳಿನಷ್ಟು ಸಣ್ಣವನ್ನು ಗಮ್ ಟೇಪಿಗೆ ಅಂಟಿಸಿಕೊಂಡೆವು, ಒಳಗೆ ಉಳಿದದ್ದನ್ನು ಹಿಡಿದು ಕಟ್ಟಲೆಂದು ಬಿರುಕಿಗೆ ಗಂಧಕ ಉದುರಿಸಿದೆವು. ಮಂಡಿ ನೋಯುತ್ತಿದ್ದಾಗ ಸಿಸ್ಟರ್ ನೆನಪಾದರು. ಗೊಣಗಿದ್ದಕ್ಕೆ ಇಷ್ಟು ವರ್ಷದ ಮೇಲೆ ನಾಚಿಕೆಯಾಯಿತು.

ಎಲ್ಲ ಮುಗಿದು, ಸ್ಟೀಲ್ ಬಟ್ಟಲಲ್ಲಿದ್ದದ್ದನ್ನೂ ಬಾಟಲಿಗೆ ಸೇರಿಸಿ, ಆವಿ ಏಳದ ಹಾಗೆ ಸ್ವಲ್ಪ ನೀರು ಹಾಕಿ ಮುಚ್ಚಳ ತಿರುಗಿಸುವಾಗ ಅತ್ತೆ ಎದ್ದು ನಿಂತರು. "ಕೊಡು ಅದ್ನ. ಕೆರೆಗೆ ಬುಡ್ಬೇಕು."

"ಕೆರೇಲಿ ಕರಗಲ್ಲಮ್ಮ ಅದು. ಮೀನಿನ ಹೊಟ್ಟೆಗೆ ಹೋಗುತ್ತೆ."

"ನಾವು ಮೀನು ತಿಂದೋರಾ?"

"ತಿನ್ನೋರ ಮನೇಲೂ ಅಂಬೆಗಾಲಿಡೋ ಮಕ್ಕಳಿರ್ತವೆ."

ಅತ್ತೆ ಮತ್ತೆ ಕೂತರು. ಮಾತು ಬೇರೆ ಕಡೆಯಿಂದ ಬಂತು.

"ಅಪ್ಪಯ್ಯ ರಸ ಅರೀವಾಗ ನಮ್ಮನ್ನ ಹತ್ರ ಸೇರಿಸ್ತಿರ್ನಿಲ್ಲ. ಕೊಟ್ಟಿಗೆ ಪಕ್ದಲ್ಲಿ, ಗಾಳಿ ಯಾವ ಕಡೆ ಬೀಸ್ತದೆ ನೋಡ್ಕಂಡು ಕುಂತ್ಕಳೋರು. ಮಕ್ಳು ಬಂದ್ರೆ ಕೋಲು ತಗಳೋರು. ಕಡೇಕಡೇಗೆ ಲೋಟ ಹಿಡಿಯಕ್ಕಾಯ್ತಿರ್ನಿಲ್ಲ ಅವ್ರ ಕೈಲಿ, ಅಷ್ಟು ನಡುಗೋದು. ನಾನೇ ಮಜ್ಜಿಗೆ ಕುಡಿಸ್ತಿದ್ದೆ. ವಯಸ್ಸಾಯ್ತು ಅಂದ್ಕಂಡ್ವಿ." ಮಗಳ ಮುಖ ನೋಡಿದರು. "ಐವತ್ತೈದೂ ಆಗಿರ್ನಿಲ್ಲ ಕಣೇ ಆಗ. ಇದ್ರಿಂದಾನೇನೇ?"

ನಾದಿನಿ ಗ್ಲೌಸು ಕಳಚಿ ಕವರಿಗೆ ಹಾಕಿ ಅಮ್ಮನ ಎದುರು ಕೂತಳು.

"ಗೊತ್ತಿಲ್ಲಮ್ಮ. ಆಗಿರಬಹುದು. ಈ ವಿಷಕ್ಕೆ ಕೈ ನಡುಗೋದು ಇದೆ. ಆದ್ರೆ ಈಗ ಯಾರೂ ಖಂಡಿತ ಹೇಳಕ್ಕಾಗಲ್ಲ."

ಅತ್ತೆ ತಮ್ಮ ಬಲಗೈಯನ್ನು ಮುಂದೆ ಚಾಚಿ ಬಿಸಿಲಿನಲ್ಲಿ ಹಿಡಿದರು. ನಾವು ಮೂವರೂ ಆ ಕೈಯನ್ನೇ ನೋಡಿದೆವು. ನರ ಎದ್ದ, ಸುಕ್ಕಾದ, ಬರಿ ಬೆರಳಿನ ಕೈ. ನಡುಗುತ್ತಿರಲಿಲ್ಲ.

"ನನಗ್ಯಾಕೆ ಅರಗು ಹಾಕಿ ಕೊಟ್ರೋ ಈಗ ತಿಳೀತು," ಎಂದರು. "ತಗೊಂಡೋಗು. ಎಲ್ಲಿ ಇಡ್ತೀಯ?"

"ಲ್ಯಾಬಲ್ಲಿ ಒಡೆದ ಥರ್ಮಾಮೀಟರ್ ಎಲ್ಲ ಇಡೋ ಬೀರು ಇದೆ, ಬೀಗ ಹಾಕಿರ್ತೀವಿ. ಆಮೇಲೆ ಇಂಥದ್ದನ್ನೇ ತಗೊಂಡು ಹೋಗೋ ಲೈಸೆನ್ಸ್ ಇರೋರು ಬರ್ತಾರೆ."

"ಬೀಗ ಹಾಕಿರ್ತೀರಾ? ಸರಿ ಬುಡು, ನನಗಿಂತ ಭದ್ರ."

ವಿಭೂತಿ ತರಲು ಹೇಳಿದರು. ದೇವರ ಮನೆಯದು ಬೇಡವೆಂದು ಬೀರುವಿನಲ್ಲಿದ್ದ ಹೊಸ ಗಟ್ಟಿಯನ್ನು ತಂದುಕೊಟ್ಟೆ. ಬಾಟಲಿಯ ಮುಚ್ಚಳದ ಮೇಲೆ ಮೂರು ಬೆರಳು ಎಳೆದರು. ಅದರ ಕೆಳಗೆ ನಾದಿನಿ ಆಗಲೇ ಕೆಂಪು ಇಂಕಿನಲ್ಲಿ 'ಪಾದರಸ, ವಿಷ' ಎಂದು ಬರೆದು ಅಂಟಿಸಿದ್ದಳು. ಎರಡೂ ಹಾಗೇ ಇದ್ದವು, ಅವಳೂ ಒರೆಸಲಿಲ್ಲ. ಬಾಟಲಿ, ಉಂಗುರ, ಸೀರೆ, ಬಟ್ಟಲು, ಟೇಪು ಎಲ್ಲವೂ ಕಟ್ಟಿದ ಕವರುಗಳಲ್ಲಿ ಹಿತ್ತಿಲ ಕಟ್ಟೆಯ ಮೇಲೆ ಕಾದು ಕೂತವು. ಜನ ತುಂಬಿದ ಬಸ್ಸಿನಲ್ಲಿ ಒಯ್ಯುವುದಿಲ್ಲವೆಂದು ಅವಳು ಗಂಡನಿಗೆ ಕಾರು ತರಲು ಹೇಳಿದ್ದಳು. ಅತ್ತೆಯನ್ನು ಮಾರನೆಯ ದಿನ ಡಾಕ್ಟರಿಗೆ ತೋರಿಸಿ, ಟೆಸ್ಟ್ ಮಾಡಿಸಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ದೇವರ ಮನೆ ಎರಡು ದಿನ ಹಾಗೇ ಗಾಳಿಯಾಡಲಿ, ಆಮೇಲೆ ಬಂದು ಮತ್ತೊಮ್ಮೆ ಟಾರ್ಚ್ ಹಾಕಿ ನೋಡುತ್ತೇನೆ, ಅಲ್ಲಿಯವರೆಗೆ ಮಗು ತನ್ನ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಲಿ ಎಂದಳು.

ಕಾರು ಹೊರಟಾಗ ಅತ್ತೆ ಗೇಟಿನ ತನಕ ಹೋಗಿ, ರಸ್ತೆಯ ತಿರುವು ದಾಟುವವರೆಗೂ ನಿಂತು ನೋಡಿದರು. ತವರಿನಿಂದ ಹೊರಟಾಗಲೂ ಹೀಗೇ ನೋಡಿರಬೇಕು. ನಾನು ಕುಂಕುಮದ ಡಬ್ಬಿಯಿಂದ ಮಾಂಗಲ್ಯ ತೆಗೆದು ಹಾಕಿಕೊಂಡೆ. ಸಂಜೆಯ ದೀಪವನ್ನು ಅವರು ಜಗಲಿಯಲ್ಲೇ ಹಚ್ಚಿದರು. ಕೆಳಗೆ ಒಂದು ಮಣೆ, ಪಕ್ಕದಲ್ಲಿ ಹೊಸ ವಿಭೂತಿ ಗಟ್ಟಿ. ನಾಲ್ಕು ದಾಸವಾಳ ಕಿತ್ತು ತಂದಿಟ್ಟೆ. ಅವರ ಹೆಬ್ಬೆರಳು ಉಂಗುರವಿದ್ದ ಜಾಗದ ಆ ಪಟ್ಟೆಯನ್ನು ಸವರುತ್ತಲೇ ಇತ್ತು.

ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಪಕ್ಕದ ಮನೆಯಾಕೆ ಗೇಟಿನ ಹತ್ತಿರ ಬಂದರು. ದಾಸವಾಳ ಕಂಡದ್ದೇ ಕೂಸು ಮುಂದಕ್ಕೆ ಹಾರಿತು. ಅವಳನ್ನು ಬಿಗಿಯಾಗಿ ಹಿಡಿದುಕೊಂಡು, ದೀಪದ ಕಡೆ ಗಲ್ಲ ಎತ್ತಿ ತೋರಿಸಿ ಅವರೆಂದರು:

"ಇದೇನ್ ದೊಡ್ಡಮ್ಮ, ದೇವ್ರನ್ನ ಜಗಲಿಗೇ ಕರ್ಕಂಡ್ ಬಂದ್ಬುಟ್ಟಿದೀರಾ? ಇರ್ಲಿ ಬುಡಿ, ಆ ಕಿಟಕಿ ಇಲ್ದಿರೋ ಗೂಡಲ್ಲಿ ಕುಂತೂ ಕುಂತೂ ಅವ್ನಿಗೂ ಸಾಕಾಗಿತ್ತೇನೋ."