ಬೂಟು ಬಿಟ್ಟ ಹವಾಲ್ದಾರ್ ಪಾಲಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಅಂಚಿಗೆ, ದೇವರಿಗೆ ಬಿಟ್ಟ ದನಗಳನ್ನು ಕೂಡುವ ರೊಪ್ಪದಲ್ಲಿ ಪಾಲಣ್ಣ ಬರಿಗಾಲಲ್ಲಿ ನಿಂತಿದ್ದಾರೆ. ಹೆಗಲ ಮೇಲೆ ಮದುವೆ ವಿಡಿಯೊ ತೆಗೆಯುವ ಹಳೇ ಕ್ಯಾಮೆರಾ, ಹಿಮ್ಮಡಿಯಲ್ಲಿ ಮುರಿದುಕೊಂಡ ಜಾಲಿಮುಳ್ಳು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಗಾದ್ರಪ್ಪ ಈ ದನಗಳನ್ನು ಕಾಯುವ ಕಿಲಾರಿ. ಅವರು ಒಂದು ಹಸುವಿನ ಹೆಸರು ಪಿಸುಗುಟ್ಟುತ್ತಾರೆ, ಪಾಲಣ್ಣ ಅದನ್ನು ಗಟ್ಟಿಯಾಗಿ ಕೂಗುತ್ತಾರೆ. ಒಂದು ದನವೂ ತಲೆ ಎತ್ತುವುದಿಲ್ಲ.

ಐವತ್ತಾರರ ಪಾಲಣ್ಣ ಮೊಳಕಾಲ್ಮೂರು ಕಡೆಯವರು. ಹದಿನೇಳು ವರ್ಷ ಸೈನ್ಯದಲ್ಲಿ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು. ಊರಿಗೆ ಬಂದು ಟ್ರ್ಯಾಕ್ಟರ್ ಓಡಿಸಿದರು, ಕೈಹತ್ತಲಿಲ್ಲ. ಆಮೇಲೆ ಕಾವಲಿಗೆ ಬಿದ್ದ ಹೊಸ ಬೇಲಿಯೊಂದರ ಗೇಟಿಗೆ ಸೆಕ್ಯುರಿಟಿ ಗಾರ್ಡ್ ಆದರು. ಹಳೇ ದಾರಿ ಹಿಡಿದು ಮೇಯಲು ಬಂದ ಗಾದ್ರಪ್ಪನವರ ದನಗಳು ದಿನಾ ಬೆಳಿಗ್ಗೆ ಆ ಬೇಲಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು.

"ಓಡ್ಸೋ ಕೆಲ್ಸ ನಂದು. ಲಾಠಿ ಎತ್ತಿದ್ರೂ ಕದಲ್ತಿರ್ಲಿಲ್ಲ, ಸುಮ್ನೆ ನೋಡೋವು. ಹನ್ನೊಂದು ತಿಂಗ್ಳು ತಡ್ಕಂಡೆ, ಆಮ್ಯಾಕೆ ಆಗ್ಲಿಲ್ರಿ."

ಆ ದನಗಳದ್ದೇ ಒಂದು ಸಿನಿಮಾ ತೆಗೆಯಬೇಕೆಂದು ಕೆಲಸ ಬಿಟ್ಟವರು ನೆಟ್ಟಗೆ ಹೋಗಿದ್ದು ಚಳ್ಳಕೆರೆಗೆ. ಅಲ್ಲಿ ಮದುವೆ ವಿಡಿಯೊ ತೆಗೆಯುವ ರವಿಕಿರಣ್ ಬಳಿ ಕ್ಯಾಮೆರಾ ಹಿಡಿಯುವುದು ಕಲಿತು, ಅವರ ಹಳೇ ಕ್ಯಾಮೆರಾವನ್ನೇ ಕೊಂಡು ತಂದರು. ಹೆಂಡತಿ ವನಜಾಕ್ಷಿ ವಾರಗಟ್ಟಲೆ ಮಾತು ಬಿಟ್ಟರು.

ಪಾಲಣ್ಣನಿಗೆ ಬೇಕಿದ್ದುದು ಒಂದೇ. ಗಾದ್ರಪ್ಪ ಪ್ರತಿ ಹಸುವನ್ನೂ ಅದರ ತಾಯಿಯ ಹೆಸರು ಸೇರಿಸಿ ಕೂಗಿದರೆ ಕಾವಲಿನಲ್ಲಿ ಚದುರಿದ ಮಂದೆ ಒಟ್ಟಾಗುತ್ತಿತ್ತು. ಆ ಕೂಗು ಬೇರೆ ಯಾರಿಗೂ ಬಾರದು. ಸಿನಿಮಾ ಎಂದರೆ ಅದೇ. ಆದರೆ ಮೊದಲ ದಿನವೇ ಅವರು ಬೂಟು ಹಾಕಿಕೊಂಡು ರೊಪ್ಪದೊಳಗೆ ನುಗ್ಗಿಬಿಟ್ಟರು. ದೇವರ ದನಗಳ ರೊಪ್ಪಕ್ಕೆ ಮೆಟ್ಟು ಹಾಕಿ ಯಾರೂ ಕಾಲಿಡುವುದಿಲ್ಲ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು!

"ಹದಿನೇಳ್ ವರ್ಷ ಬೂಟಲ್ಲೇ ಬಾಳಿದೋನು. ಕಾಲಾಗೆ ಬೂಟೈತೆ ಅಂಬೋದೇ ನೆಪ್ಪಿರ್ಲಿಲ್ಲ."

ಗಾದ್ರಪ್ಪ ಹೊರಗಟ್ಟಿದರು. ಎರಡು ವರ್ಷ ಒಂದು ಮಾತೂ ಆಡಲಿಲ್ಲ. ಪಾಲಣ್ಣ ದಿನಾ ಆರು ಕಿಲೋಮೀಟರು ಬರಿಗಾಲಲ್ಲಿ ನಡೆದು ಬಂದು ಹೊರಗೇ ನಿಂತರು. ಮೂರನೇ ವರ್ಷ ಮುದುಕ ಕೈಸನ್ನೆ ಮಾಡಿ ಒಳಕ್ಕೆ ಕರೆದರು. ಅಷ್ಟರಲ್ಲಿ ಗಂಟಲ ಕಾಯಿಲೆ ಅವರ ದನಿಯನ್ನು ತಿಂದುಹಾಕಿತ್ತು. ಈಗ ಅವರು ಪಿಸುಗುಟ್ಟುವ ಹೆಸರುಗಳನ್ನು ಪಾಲಣ್ಣ ತಾವೇ ಕೂಗಿ ಕಲಿಯುತ್ತಿದ್ದಾರೆ.

ಪ್ರತಿ ಶನಿವಾರ ಪಾಲಣ್ಣ ಸಿದ್ದಾಪುರದಲ್ಲಿ ಕ್ಯಾಮೆರಾ ಕಲಿಸುವ ಮೇಷ್ಟ್ರು. ಶಾಲೆಯ ಜಗಲಿಯಲ್ಲಿ ಹದಿನಾಲ್ಕು ಮಕ್ಕಳು, ಒಂದೇ ಕ್ಯಾಮೆರಾ, ತಲೆಗೆ ನಾಲ್ಕು ನಿಮಿಷ. ಅದೂ ಮೊದಲ ತಿಂಗಳು ಮುಟ್ಟುವಂತಿಲ್ಲ. "ಮೊದ್ಲು ನಿಮ್ ಕಾಲು ನೋಡ್ಕಳ್ರೋ. ಕ್ಯಾಮೆರಾ ಆಮ್ಯಾಕೆ" ಎನ್ನುತ್ತಾರೆ. ಮಕ್ಕಳು ನಗುತ್ತವೆ, ಮೇಷ್ಟ್ರು ನಗುವುದಿಲ್ಲ.

ಸಿನಿಮಾ ನಲವತ್ತು ನಿಮಿಷಕ್ಕೆ ಬಂದು ನಿಂತಿದೆ, ಕೂಗು ಮಾತ್ರ ಇಲ್ಲ. ಮಂದೆಯ ನಲವತ್ತಮೂರು ಹೆಸರುಗಳಲ್ಲಿ ಮೂವತ್ತೆಂಟು ಪಾಲಣ್ಣನ ಬಾಯಿಗೆ ಬಂದಿವೆ. ಗಾದ್ರಪ್ಪನ ಪಿಸುಮಾತೂ ದಿನೇ ದಿನೇ ಸಣ್ಣಗಾಗುತ್ತಿದೆ.

ಬಿಸಿಲು ಏರುವ ಹೊತ್ತಿಗೆ, ಪಾಲಣ್ಣ ಮತ್ತೆ ಕೂಗಿದಾಗ, ಮುದಿ ಹಸುವೊಂದು ಕಿವಿ ಆಡಿಸುತ್ತದೆ.

"ನೋಡಿದ್ರೇನಜ್ಜ? ಕೇಳುಸ್ಕಂಡ್ಲು!"

"ನೊಣ ಕಣಲೇ," ಗಾದ್ರಪ್ಪ ಪಿಸುಗುಟ್ಟುತ್ತಾರೆ.

ಪಾಲಣ್ಣ ಕ್ಯಾಮೆರಾ ಇಳಿಸಿ ನಮ್ಮತ್ತ ತಿರುಗುತ್ತಾರೆ. "ನೊಣಾನೇ ಇರ್ಲಿ ಬಿಡ್ರಿ. ಅಜ್ಜ ಇರೋದ್ರೊಳಗೆ ಒಂದೇ ಒಂದು ಹಸ ನನ್ ದನಿಗೆ ತಿರುಗ್ಲಿ. ಅದು ಸಿನಿಮಾದಾಗೆ ಬರ್ದಿದ್ರೂ ಪರವಾಗಿಲ್ಲ, ಅಜ್ಜ ನೋಡಿದ್ರೆ ಸಾಕು."