ತಿರುಗದ ಗೋಣು, ಹಿಂದಿನ ಬ್ಲೋವರ್

ಪರದೇಶದ ಊರು ಪಾರ್ಸಿಪನಿಯ ಆ ಅಪಾರ್ಟ್‌ಮೆಂಟುಗಳಲ್ಲಿ ಹಿಮ ತೆಗೆಯುವವರು ನಾವಿಬ್ಬರೇ. ಕಾಕಾ ಸಣ್ಣ ಟ್ರ್ಯಾಕ್ಟರಿನ ಮೇಲೆ ಕೂತು ಮುಂದಿನ ಬ್ಲೇಡಿನಿಂದ ಪಾರ್ಕಿಂಗ್ ಲಾಟಿನ ಹಿಮ ತಳ್ಳುತ್ತಿದ್ದ. ನಾನು ಸಲಿಕೆ ಹಿಡಿದು ಮೆಟ್ಟಿಲ ಮೇಲಿನ ಹಿಮ ಬಳಿದು ತೆಗೆಯುತ್ತಿದ್ದೆ. ಎರಡು ಚಳಿಗಾಲ ಬಳಿದೆ. ಬೆರಳು ಸತ್ತುಹೋಗುತ್ತಿದ್ದವು. ಆ ಸೀಟು ನನಗೆ ಬೇಕಿತ್ತು.

ಕಾಕಾ ನನ್ನ ಸಂಬಂಧಿಯಲ್ಲ. ನನ್ನ ಹಾಗೇ ಧಾರವಾಡದ ಕಡೆಯವನು, ಅರವತ್ತು ದಾಟಿದವನು. ಅಪಾರ್ಟ್‌ಮೆಂಟುಗಳ ಒಡತಿ ಮೈಸೂರಿನ ಡಾಕ್ಟರ್ ಆಂಟಿ. ಬ್ಲೇಡು ತಳ್ಳಿದ ಹಿಮ ಕಾರುಗಳ ಹಿಂದೆ ಗುಡ್ಡೆಯಾಗುತ್ತದೆ ಎಂದು ಬಾಡಿಗೆಯವರು ಜಗಳ ತೆಗೆದರು. ಹಿಮವನ್ನು ಎತ್ತಿ ದೂರ ಎಸೆಯುವ ಸ್ನೋಬ್ಲೋವರ್ ತರೋಣ ಎಂದು ಆಂಟಿ ಗರಾಜಿಗೆ ಬಂದರು.

“ಮುಂದೆ ಹಾಕೋದೂ ಸಿಗುತ್ತೆ, ಹಿಂದೆ ಹಾಕೋದೂ ಸಿಗುತ್ತೆ ಅಂತೆ. ನಾಳೆ ಡಿಸೈಡ್ ಮಾಡಿ ಹೇಳಿ.”

ಆಂಟಿ ಹೋದಮೇಲೆ ಕಾಕಾ ನನ್ನ ತೋಳು ಹಿಡಿದ.

“ತಮ್ಮಾ, ಮುಂದಿಂದ ಛಲೋ ಅಂತ ಹೇಳು. ಹಿಂದಿಂದಾದ್ರ ರಿವರ್ಸಿನ್ಯಾಗ ಹೊಡೀಬೇಕಾಕ್ಕತಿ. ಆಪರೇಶನ್ ಆದಾಗಿಂದ ನನ್ನ ಗೋಣು ತಿರಗಂಗಿಲ್ಲ.”

“ಆಂಟಿಗೆ ಹೇಳ್ರಿ ಮತ್ತ.”

“ಹೇಳಿದ್ರ ಸೀಟ್ ಹೋಗತೈತಿ. ಕೈ ಮುಗೀತೀನಿ.”

“ಆತ್ ಬಿಡ್ರಿ ಕಾಕಾ.”

ಆಂಟಿ ಹಲ್ಲಿನ ಡಾಕ್ಟರ್. ಅವನ ಕುತ್ತಿಗೆ ಕಡೆ ನೋಡಿರಲಿಲ್ಲ.

ಮರುದಿನ ನಾನು ಹಿಂದಿನದೇ ಇರಲಿ ಎಂದೆ. ಹೇಳಿದ್ದೆಲ್ಲ ನಿಜ. ಮುಂದಿನದಕ್ಕೆ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಬೇರೆ ಫ್ರೇಮ್ ಕಟ್ಟಬೇಕು, ಹುಲ್ಲು ಕತ್ತರಿಸುವ ಡೆಕ್ ಬಿಚ್ಚಬೇಕು. ಹಿಂದಿನದನ್ನು ಟ್ರ್ಯಾಕ್ಟರಿನ ಹಿಂದಿನ ಶಾಫ್ಟಿಗೆ ಸಿಕ್ಕಿಸಿದರೆ ಮುಗಿಯಿತು.

“ಊರಾಗ ಹೊಲಾ ಹೊಡಿವಾಗ ನೇಗಿಲಾ ಹಿಂದೇ ಇರತೈತ್ರಿ ಆಂಟಿ. ತಿರಿಗಿ ನೋಡಕೋತನ ಹೊಡಿತಿದ್ವಿ.”

“ಮುಂದಿದ್ರ ಕಣ್ಣಿಗೆ ಕಾಣತೈತ್ರಿ,” ಅಂದ ಕಾಕಾ.

“ಯಾಕ್ರಿ ಕಾಕಾ, ನಿಮ್ಮ ಗೋಣು ತಿರಗಂಗಿಲ್ಲೇನು?”

ಆಂಟಿ ನಕ್ಕರು. ಕಾಕಾ ನನ್ನನ್ನೇ ನೋಡಿದ.

“ತಿರಗತೈತಿ,” ಅಂದ.

ಮಷೀನು ಬಂತು. ಮೊದಲ ಹಿಮ ಬಿದ್ದ ಬೆಳಿಗ್ಗೆ ಆಂಟಿ ಪೂಜೆ ಇಟ್ಟರು. ಕುಂಕುಮ, ಚೆಂಡುಹೂ, ಕಾಯಿ. ಗಾಡಿ ಹಿಂದಕ್ಕೆ ಹೋಗುವುದರಿಂದ ನಿಂಬೆಹಣ್ಣನ್ನು ಗಾಲಿಗಳ ಹಿಂದೆ ಇಟ್ಟೆವು.

“ಹಿರಿಯರು ನೀವು. ನೀವೇ ಫಸ್ಟ್ ಹತ್ತಿ,” ಎಂದರು ಆಂಟಿ.

ಕಾಕಾ ಯಾವುದೋ ಹಳೆ ಟ್ರಕ್ಕಿನ ಕನ್ನಡಿ ತಂದು ಸೀಟಿನ ಪಕ್ಕ ತಂತಿಯಿಂದ ಕಟ್ಟಿದ್ದ. ಅದರ ಮೇಲೆ ಹಿಮ ಕೂತಿತ್ತು. “ಹಿಂದ ನಿಂತು ಹೇಳಪಾ,” ಅಂದ ಮೆಲ್ಲಗೆ. ಅಷ್ಟೆಲ್ಲ ಆದಮೇಲೂ ನನ್ನನ್ನೇ ಕೇಳಿದ. ಬೇರೆ ಯಾರಿದ್ದರು ಅವನಿಗೆ?

ನಾನು ಲೈಟು ಕಂಬದ ಪಕ್ಕ ನಿಂತೆ. “ಬರ್ರಿ,” ಅಂದೆ. ನಿಂಬೆಹಣ್ಣು ಒಡೆದವು. “ಬರ್ರಿ, ಬರ್ರಿ.” ಕಂಬಕ್ಕೆ ಎರಡು ಮೊಳ ಉಳಿದಿತ್ತು. “ಬರ್ರಿ,” ಅಂದು ಪಕ್ಕಕ್ಕೆ ಸರಿದೆ.

ಬ್ಲೋವರ್ ಕಂಬವನ್ನು ಕಚ್ಚಿತು. ಹೊಡೆತ ಬಿದ್ದರೆ ಮುರಿಯಲೆಂದೇ ಒಳಗೆ ಇರುವ ಪಿನ್ನು ಮುರಿದು ಎಲ್ಲಾ ನಿಂತಿತು. ಕಂಬ ವಾಲಿತು.

“ಹಿಂದೆ ನೋಡಲ್ವಾ ನೀವು?” ಆಂಟಿ ಕೂಗಿದರು. “ಎಲ್ಲಿ, ತಿರುಗಿ ನೋಡೋಣ!”

ಕಾಕಾ ತಿರುಗಿದ. ಸೊಂಟ ಬಂತು, ಭುಜ ಬಂತು, ತಲೆ ಭುಜದ ಜೊತೆಗೇ ಬಂತು. ಕಂಬದವರೆಗೆ ಕಣ್ಣು ಮುಟ್ಟಲಿಲ್ಲ. ಆಂಟಿಗೆ ತಿಳಿಯಿತು.

“ನೀವು ಇಳೀರಿ,” ಎಂದರು.

ನಾನು ಬರ್ರಿ ಅಂದಿದ್ದು ದೂರ ನಿಂತಿದ್ದ ಆಂಟಿಗೆ ಆ ಸದ್ದಿನಲ್ಲಿ ಕೇಳಿಸಿರಲಿಲ್ಲ. ಕಾಕಾನೂ ಹೇಳಲಿಲ್ಲ. ಇಳಿದು, ನನ್ನ ಸಲಿಕೆ ತೆಗೆದುಕೊಂಡು ಮೆಟ್ಟಿಲ ಕಡೆ ಹೋದ. ನಾನು ಹೊಸ ಪಿನ್ನು ಹಾಕಿ ಸೀಟಿನ ಮೇಲೆ ಕೂತೆ. ಕನ್ನಡಿ ಬಿಚ್ಚಿ ಹಿಮದ ಗುಡ್ಡೆಯೊಳಗೆ ಎಸೆದೆ.

ಅದಾಗಿ ಈಗ ಮೂರನೇ ಚಳಿಗಾಲ. ಸೀಟು ನನ್ನದೇ. ಟ್ರ್ಯಾಕ್ಟರಿನ ಸದ್ದು ಹತ್ತಿರ ಬಂದಾಗ ಕಾಕಾ ಸಲಿಕೆ ನಿಲ್ಲಿಸಿ ಇಡೀ ಮೈ ತಿರುಗಿಸುತ್ತಾನೆ. ಅಷ್ಟು ಹೊತ್ತಿಗೆ ನನ್ನ ಬ್ಲೋವರ್ ಎಸೆದ ಹಿಮ ಅವನು ಬಳಿದ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಹಿಮ ಉಗುಳುವ ಕೊಳವೆಯನ್ನು ಆಚೆ ತಿರುಗಿಸಲು ಒಂದು ಹಿಡಿಕೆ ಇದೆ. ಕೈಗೆ ಎಟಕುವ ಹಾಗೇ ಇದೆ. ನಾನು ತಿರುಗಿಸುವುದಿಲ್ಲ. ಅವನು ಮತ್ತೆ ಬಳಿಯುತ್ತಾನೆ.